ಅವರೆ ಹಿತುಕುತ್ತ ಕೇಳಿದ ಕಾದಂಬರಿ

ನನ್ನ ಮೊದಲ ಕಾದಂಬರಿಯನ್ನು ಬೈದ ಪತ್ರಿಕೆಯವರನ್ನು ನಾನು ಎಂದೋ ಕ್ಷಮಿಸಿದ್ದೇನೆ. ಅವರು ಅದನ್ನು ಪೂರ್ತಿ ಓದಿರಲಿಲ್ಲ. ಮಾರೇನಹಳ್ಳಿಯ ಹೆಂಗಸರು ಮಾತ್ರ ಕೊನೆಯವರೆಗೂ ಕೇಳಿ ಬೈದರು, ಅದೂ ನನ್ನ ಬಾಯಲ್ಲೇ ಓದಿಸಿಕೊಂಡು.

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗಿನ್ನೂ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ಅದರ ಪಕ್ಕದ ಮಾರೇನಹಳ್ಳಿ ಪೂರಾ ಹಳ್ಳಿ. ಮನೆ ಹಿಂದೆಯೇ ರಾಗಿ ಹೊಲ. ನನ್ನ ಗಂಡನಿಗೆ ಕಾರ್ಖಾನೆಯೊಂದರಲ್ಲಿ ಗುಮಾಸ್ತೆ ಕೆಲಸ. ಒಬ್ಬ ಗೌಡರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಅಲ್ಲೇ ಕೂತು ನಾನು ಆ ಕಾದಂಬರಿ ಬರೆದೆ. ಪಾಳೆಯಗಾರರ ಕಾಲದ ಕಥೆ. ಗಂಡು ಯುದ್ಧಕ್ಕೆ ಹೋಗಿರುವುದರಿಂದ ಅವನ ಕತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಹಸೆಮಣೆಯ ಮೇಲೆ ಕೂತು ಮದುವೆಯಾದ ರಾಣಿಯೊಬ್ಬಳ ಪ್ರೇಮ, ವಿರಹ, ಸಂಸಾರ. ಹೆಂಗಸು ಚರಿತ್ರೆ ಬರೆದರೆ ಯಾರು ಓದುತ್ತಾರೆ ಎಂದು ಪ್ರಕಾಶಕರು ಅದಕ್ಕೊಂದು ಗಂಡಸಿನ ಹೆಸರು ಹಾಕಿ ಅಚ್ಚು ಮಾಡಿದ್ದರು. ಹಾಗಾಗಿ ಅಕ್ಕಪಕ್ಕದ ಯಾರಿಗೂ ವಿಷಯ ಗೊತ್ತಿರಲಿಲ್ಲ.

ಗೌಡರ ಹೆಂಡತಿಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಕಥೆಯ ಹುಚ್ಚು ಮಾತ್ರ ವಿಪರೀತ. ಅವರೆಕಾಯಿಯ ಕಾಲದಲ್ಲಿ ಮಧ್ಯಾಹ್ನವಾದರೆ ನೆನೆಹಾಕಿದ ಕಾಳಿನ ಪಾತ್ರೆ ಜಗುಲಿಗೆ ಬರುತ್ತಿತ್ತು. ದೊಡ್ಡಮ್ಮ, ಅವರ ಸೊಸೆ ಮತ್ತು ಪಕ್ಕದ ಮನೆಯ ಮಿಲ್ ಕೆಲಸಗಾರನ ಹೆಂಡತಿ ಕಾಳು ಹಿತುಕಿ ಸಿಪ್ಪೆ ಬಿಡಿಸಬೇಕು, ನಾನು ಓದಬೇಕು. ಸೊಸೆ ಮಿಡ್ಲ್ ಸ್ಕೂಲ್ ಪಾಸಾದವಳೇ, ಆದರೆ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಲು ಅವಳಿಗೆ ನಾಚಿಕೆ. ಒಂದು ದಿನ ನನ್ನ ಪುಸ್ತಕವನ್ನೇ ತಂದು, ಲೈಬ್ರರಿಯದು ಎಂದು ಸುಳ್ಳು ಹೇಳಿದೆ. ಅವರು ಹೊಗಳಲಿ, ಆಮೇಲೆ ಬರೆದವಳು ನಾನೇ ಎನ್ನೋಣ ಎಂಬ ಆಸೆ.

ಕತ್ತಿಯ ಮದುವೆಯನ್ನು ನಾನು ಭಾವ ತುಂಬಿ ಓದಿದೆ. ಮಿಲ್ಲಿನವನ ಹೆಂಡತಿ ಕಿಸಕ್ಕನೆ ನಕ್ಕಳು.

"ಕತ್ತಿ ಜೊತೆ ಮದ್ವೆನಾ? ಪುಣ್ಯವಂತೆ ಬಿಡಿ, ಅದು ಕುಡ್ಕೊಂಡು ಮನೆಗ್ ಬರಲ್ಲ."

ಮರುದಿನ ರಾಣಿ ಬೆಳ್ಳಿ ತಟ್ಟೆಯಲ್ಲಿ ಬಡಿಸಿದ ರಾಗಿ ಮುದ್ದೆಯನ್ನು ಮೆಲ್ಲಮೆಲ್ಲನೆ ಅಗಿಯುತ್ತ ಗಂಡನನ್ನು ನೆನೆದಳು. ಮೂವರ ಕೈಯೂ ನಿಂತಿತು.

"ಏನಂದೆ? ಇನ್ನೊಂದ್ಸಲ ಓದು," ಅಂದರು ದೊಡ್ಡಮ್ಮ. ಓದಿದೆ.

"ಮುದ್ದೆ ಅಗೀತಾಳಾ? ನುಂಗೋದು ಬಿಟ್ಟು? ಇದ್ನ ಬರ್ದೋನು ಯಾವೋನೋ, ಮುದ್ದೆ ಮಕ ಕಂಡೋನಲ್ಲ ಕಣಮ್ಮ."

ನನ್ನ ಮೈಯೆಲ್ಲ ಉರಿಯಿತು. ಮೈಸೂರಿನಲ್ಲಿ ಅನ್ನ ಉಂಡು ಬೆಳೆದವಳು ನಾನು. ಎರಡು ವರ್ಷ ಅವರ ಹಿತ್ತಿಲಲ್ಲೇ ಇದ್ದರೂ ಅವರು ಹೇಗೆ ಉಣ್ಣುತ್ತಾರೆಂದು ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ. ತಪ್ಪು ನನ್ನದೇ, ಆದರೂ ಕೋಪ ಬಂದದ್ದು ಅವರ ಮೇಲೆ.

ಆಮೇಲೆ ಅವರಿಗೆ ಸಲಿಗೆ ಬಂತು. ನಾನು ವಾರಗಟ್ಟಲೆ ಕೂತು ತಿದ್ದಿದ ಬೆಳದಿಂಗಳ ವರ್ಣನೆ ಬಂದಾಗ, "ಈ ಚಂದ್ರನ್ನ ದಾಟಿಸ್ಕೊಂಡು ಮುಂದಕ್ಕೋಗು" ಎಂದರು. ಪಾಳೆಯಗಾರ ಅರಮನೆಯ ಕಿಟಕಿಯ ಕೆಳಗೆ ನಿಟ್ಟುಸಿರು ಬಿಟ್ಟಾಗ, "ಇವನಿಗೇನು ಗೇಮೆ ಕೆಲ್ಸ ಇಲ್ವಾ?" ಎಂದರು. ಇವರಿಗೇನು ಗೊತ್ತು ಸಾಹಿತ್ಯ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತ ನಾನು ಪುಟ ತಿರುಗಿಸುತ್ತಿದ್ದೆ.

ಕೊನೆಗೆ ಒಂದು ಅಧ್ಯಾಯ ಉಳಿಯಿತು. ಪಾಳೆಯಗಾರ ಎರಡನೆಯ ಹೆಂಡತಿಯನ್ನು ಕರೆತರುತ್ತಿದ್ದಾನೆಂದು ಕೋಟೆಗೆ ಸುದ್ದಿ ಬರುತ್ತದೆ. ಅಲ್ಲಿಗೆ ನಿಲ್ಲಿಸಿದೆ. ಆ ದಿನ ಯಾರೂ ತಮಾಷೆ ಮಾಡಲಿಲ್ಲ. ದೊಡ್ಡಮ್ಮ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಬಾವಿಯ ಹತ್ತಿರ ಮಿಲ್ಲಿನವನ ಹೆಂಡತಿ ನನಗೆ ಹೇಳಿದಳು:

"ಗೌಡ್ರು ಕೆಂಗೇರಿಯಿಂದ ಎರಡನೇದ್ನ ಕರ್ಕೊಂಡು ಬಂದಾಗ ದೊಡ್ಡಮ್ಮನ ಕೈಲೇ ಆರತಿ ಎತ್ತಿಸಿದ್ರಂತೆ. ಇದೇ ಮನೆ ಹೊಸಿಲಲ್ಲಿ. ಆ ಎರಡನೇವಳು ಮೂರೇ ವರ್ಷಕ್ಕೆ ತೀರ್ಕೊಂಡ್ಳಂತೆ. ನಿಮಗ್ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ನನ್ನ ಪುಸ್ತಕದ ಕೊನೆಯಲ್ಲಿ ರಾಣಿ ಮುಗುಳ್ನಗುತ್ತ ಸವತಿಗೆ ಆರತಿ ಎತ್ತುತ್ತಾಳೆ. ಅವಳ ದೊಡ್ಡ ಮನಸ್ಸಿಗೆ ಗಂಡ ಕಣ್ಣೀರು ಹಾಕುತ್ತಾನೆ. ನಾನು ಮೊದಲು ಬರೆದದ್ದು ಬೇರೆಯೇ. ಅದರಲ್ಲಿ ರಾಣಿ ಕೋಟೆ ಬಾಗಿಲು ಹಾಕಿಸುತ್ತಿದ್ದಳು. ಮರ್ಯಾದಸ್ಥರ ಮನೆಗೆ ಹೋಗುವ ಪುಸ್ತಕದಲ್ಲಿ ಹೆಂಡತಿ ಗಂಡನಿಗೆ ಬಾಗಿಲು ಹಾಕಬಾರದು ಎಂದು ಪ್ರಕಾಶಕರು ಹೇಳಿದರು. ನಾನು ಒಂದು ಮಾತೂ ಎದುರಾಡದೆ ಒಂದೇ ಮಧ್ಯಾಹ್ನದಲ್ಲಿ ಬದಲಾಯಿಸಿ ಕೊಟ್ಟೆ. ಅಚ್ಚಾದರೆ ಸಾಕಾಗಿತ್ತು ನನಗೆ.

ಮರುದಿನ ಆ ಆರತಿಯನ್ನು ದೊಡ್ಡಮ್ಮನ ಮುಂದೆ ಓದುವ ಧೈರ್ಯ ನನಗಾಗಲಿಲ್ಲ. ಕಣ್ಣನ್ನು ಪುಟದ ಮೇಲಿಟ್ಟು, ನಾನು ಹರಿದು ಹಾಕಿದ್ದ ಹಳೆಯ ಕೊನೆಯನ್ನು ಬಾಯಿಪಾಠದಂತೆ ಹೇಳಿದೆ. ಪಾಳೆಯಗಾರ ಹೊರಗೆ ನಿಂತು ಕೂಗುತ್ತಾನೆ; ಒಳಗಿನಿಂದ ಅಗುಳಿ ಬೀಳುತ್ತದೆ.

ದೊಡ್ಡಮ್ಮನ ಕೆನ್ನೆ ಒದ್ದೆಯಾಗಿತ್ತು. "ಹಂಗೇ ಆಗ್ಬೇಕು ಅವನಿಗೆ," ಎಂದರು. ಆಮೇಲೆ ಕೈ ಚಾಚಿದರು. "ಪುಸ್ತಕ ಇವತ್ತೊಂದಿನ ಇಲ್ಲೇ ಇರ್ಲಿ. ಸೊಸೆ ಕೈಲಿ ಅದೊಂದು ಪಾಠ ಇನ್ನೊಂದ್ಸಲ ಓದಿಸ್ಕೋತೀನಿ."

"ಲೈಬ್ರರಿಗೆ ಕೊಡ್ಬೇಕಲ್ಲ ದೊಡ್ಡಮ್ಮ..."

"ನಾಳೆ ಕೊಡುವಂತೆ."

ಕೊಡದೆ ವಿಧಿಯಿರಲಿಲ್ಲ. ಬೆಳಿಗ್ಗೆ ಅವರೇ ಪುಸ್ತಕ ಹಿಡಿದು ನನ್ನ ಬಾಗಿಲಿಗೆ ಬಂದರು.

"ನನ್ನ ಸೊಸೆ ಸುಳ್ಳು ಓದೋಳಲ್ಲ. ಇದ್ರಲ್ಲಿ ರಾಣಿ ಆರತಿ ಎತ್ತುತಾಳೆ. ಬಾಗಿಲು ಹಾಕಿದ್ದು ಎಲ್ಲಿಂದ ಬಂತು?"

ಬರೆದವಳು ನಾನೇ ಎಂದು ಒಪ್ಪಿಕೊಂಡೆ. ಗಂಡಸಿನ ಹೆಸರು, ಪ್ರಕಾಶಕರ ಮಾತು, ಬದಲಾಯಿಸಿದ್ದು, ಎಲ್ಲವನ್ನೂ ತಡವರಿಸುತ್ತ ಹೇಳಿದೆ. ನಿಮಗೆ ನೋವಾಗದಿರಲಿ ಎಂದು ಹಾಗೆ ಓದಿದೆ ಎಂದೂ ಸೇರಿಸಿದೆ. ಅವರು ಪುಸ್ತಕವನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟರು.

"ನನ್ನ ಕೈಗೆ ಆರತಿ ತಟ್ಟೆ ಕೊಟ್ಟಾಗ, ಬಾಗಿಲು ಹಾಕ್ಬೋದು ಅಂತ ನಂಗೆ ಹೊಳೀಲೇ ಇಲ್ಲ ಕಣಮ್ಮ. ನಿಂಗೆ ಹೊಳೆದಿತ್ತು. ಹೊಳೆದೂ ಆ ರಾಣಿ ಕೈಗೆ ತಟ್ಟೆ ಕೊಟ್ಯಲ್ಲ."