ಬೊಮ್ಮಸಂದ್ರದಲ್ಲಿ ನಿಂತ ಎರಡು ಕಾರು

ಬೇಗೂರಿನ ನಮ್ಮ ಮನೆ ಮಾಲೀಕರು ದಾರಿಯಲ್ಲಿ ಯಾರ ಗಾಡಿ ಕೆಟ್ಟು ನಿಂತಿದ್ದರೂ ತಮ್ಮ ಕಾರು ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, "ಏನಾಯ್ತಪ್ಪ?" ಎನ್ನುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಬೊಮ್ಮಸಂದ್ರದ ಬಳಿ, ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ಯುವಕನೊಬ್ಬನ ಕಾರಿನ ಬ್ಯಾಟರಿ ಸತ್ತಿತ್ತು. ಇವರು ಇಂಥದ್ದಕ್ಕೆಂದೇ ಸದಾ ಕಾರಿನಲ್ಲಿ ಇಟ್ಟಿರುತ್ತಿದ್ದ ವೈರನ್ನು ತಮ್ಮ ಬ್ಯಾಟರಿಯಿಂದ ಎಳೆದುಕೊಟ್ಟರು. ಅವನು ಗಾಬರಿಯಲ್ಲಿ ಅದನ್ನು ಉಲ್ಟಾ ಸಿಕ್ಕಿಸಿದ. ಕಿಡಿ ಹಾರಿ ಸುಟ್ಟ ವಾಸನೆ ಬಂತು. ಇವರ ಕಾರೂ ಸತ್ತಿತು.

"ಸಾರ್, ನನ್ನಿಂದ ನಿಮ್ ಗಾಡಿ..." ಎಂದ ಅವನು.

"ಗಾಡಿ ಎಲ್ಲೋಯ್ತದೆ? ಮೊದ್ಲು ಅಮ್ಮನ್ನ ಇಳಿಸಪ್ಪ," ಎಂದು ಆಟೊ ತಡೆದು, ಆಸ್ಪತ್ರೆಯವರೆಗೂ ಅವರೊಂದಿಗೆ ಹೋದರು.

ಕಾರಿನೊಳಗಿನ ವೈರಿಂಗ್ ಪೂರ್ತಿ ಹೋಗಿದೆ ಎಂದು ಗ್ಯಾರೇಜಿನವರು ಹೇಳಿದ ಸಂಜೆ ಮಾಲೀಕರ ಹೆಂಡತಿ ರೇಗಿದರು: "ಇನ್ನಾದ್ರೂ ಆ ಹಾಳ್ ವೈರ್ ಎಸೀರಿ!"

"ಎಸೀತೀನಿ. ಅದು ಸುಟ್ಟೋಗೈತೆ," ಎಂದರು, "ನಾಳೆ ಒಸದ್ ತರ್ಬೇಕು."