ಕಟ್ಟೆ ಹತ್ತುವ ಮುಂಚೆ

ರಾಜ್ಯಮಟ್ಟದ ಮೊದಲ ಸ್ಪರ್ಧೆಯಲ್ಲಿ ಚೂಡಾಮಣಿ ಈಜುವ ಮುಂಚೆಯೇ ಔಟಾದವರು. ಸನ್ಮಾನದ ಭಾಷಣಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಅವರಪ್ಪ ಕಾಳಯ್ಯ ಹಳ್ಳಿಯಿಂದ ಮೈಸೂರಿನ ಹೆಬ್ಬಾಳದ ಕಾರ್ಖಾನೆಗೆ ಬಂದವರು. ಹೊಳೆಗೆ ಕಾಲಿಡುವ ಮುಂಚೆ ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಆ ಮನೆಯ ರೂಢಿ. ಕಾಲು ತಾಗಿಸುವುದಕ್ಕೆ ಮೊದಲೇ ಕ್ಷಮೆ ಕೇಳಿದ ಹಾಗೆ. ಅವತ್ತು ಹುಡುಗಿ ಗಾಬರಿಯಲ್ಲಿ ಮರೆತಳು. ಜಿಗಿಯುವ ಕಟ್ಟೆಯ ಮೇಲೆ ಎಲ್ಲರೂ ಬಗ್ಗಿ ಅಲ್ಲಾಡದೆ ನಿಂತಾಗ ನೆನಪಾಯಿತು. ಕೈ ಚಾಚಿದಳು. ನೀರು ಎಟುಕಲಿಲ್ಲ. ಸೀಟಿ ಊದುವ ಮೊದಲೇ ದೊಪ್ಪನೆ ನೀರಿಗೆ ಬಿದ್ದಳು. ಸೀಟಿಗೆ ಮುಂಚೆ ಕಟ್ಟೆ ಬಿಟ್ಟರೆ ಔಟ್.

"ಮೇಷ್ಟ್ರೇ, ಈ ಹಳ್ಳಿ ಚಾಳಿ ಬಿಡಿಸಿ ಕರ್ಕೊಂಡ್ ಬನ್ನಿ" ಎಂದು ಅಧಿಕಾರಿಯೊಬ್ಬರು ನಕ್ಕರು. ಮೇಷ್ಟ್ರೆಂದರೆ ನಜರ್‌ಬಾದಿನ ಕೃಷ್ಣಸ್ವಾಮಿ, ಅವಳಿಗೆ ಈಜು ತಿದ್ದಿದವರು. ಅವರು ಹುಡುಗಿಗೆ ಟವೆಲ್ ಹೊದಿಸಿ, "ನಮಸ್ಕಾರ ಬಿಡಬೇಡ ಕಣಮ್ಮ. ಕಟ್ಟೆ ಹತ್ತೋಕ್ ಮುಂಚೆ ಮುಗಿಸ್ಕೋ" ಎಂದರು. ಒಬ್ಬರು ಹೀಯಾಳಿಸಲಿಲ್ಲ ಅನ್ನುವುದಕ್ಕೂ ಕೃತಜ್ಞತೆ ಹೇಳಬೇಕಾದ ಊರು ನಮ್ಮದು. ಇರಲಿ, ಮನಸಾರೆ ಹೇಳುತ್ತೇನೆ.

ಆಮೇಲೆ ಬಟರ್‌ಫ್ಲೈ ಈಜಿನಲ್ಲಿ ವರ್ಷಗಟ್ಟಲೆ ಅವಳನ್ನು ಹಿಂದೆ ಹಾಕುವವರು ರಾಜ್ಯದಲ್ಲಿರಲಿಲ್ಲ. ಚಾಳಿ ಎಂದವರೇ ಈಗ "ನಮ್ಮ ಸಂಸ್ಕೃತಿ" ಎಂದರು. ಮೈಸೂರು ಪೇಟ ತೊಡಿಸಿ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಮಕ್ಕಳಿಗೆ ಕಲಿಸುತ್ತೇನೆ, ಒಂದು ಕೊಳ ಕೊಡಿ ಎಂದು ಅವಳು ಕೇಳಿದಾಗ ಮಾತ್ರ ಕಿವುಡಾದರು.

ಕೊನೆಗೆ ದಟ್ಟಗಳ್ಳಿಯ ಖಾಸಗಿ ಈಜುಕೊಳವೊಂದು ಬೆಳಗಿನ ಹೊತ್ತು ಬಿಟ್ಟುಕೊಟ್ಟಿತು. ಅಲ್ಲಿ ಚೂಡಾಮಣಿಯವರ ಬಳಿ ಕಲಿಯುವ ಮಕ್ಕಳೆಲ್ಲ ನೀರು ಮುಟ್ಟಿಯೇ ಇಳಿಯುತ್ತಾರೆ.

"ಇದೇನ್ ಮೇಡಂ, ಪೂಜೆ ಕ್ಲಾಸಾ?" ಎಂದು ತಂದೆಯೊಬ್ಬರು ಕೆಣಕಿದರು.

"ಅಲ್ಲ ಸಾರ್. ಯಾರ ಮನೆಗಾದ್ರೂ ಹೇಳ್ದೆ ಕೇಳ್ದೆ ನುಗ್ತೀರಾ?"

ಹೋದ ತಿಂಗಳು ಜಿಲ್ಲಾ ತಂಡಕ್ಕೆ ಆಯ್ಕೆ ನಡೆಯಿತು. ಮೊದಲ ಇಬ್ಬರಿಗೆ ಮಾತ್ರ ಜಾಗ. ಚೂಡಾಮಣಿಯವರ ಶಿಷ್ಯೆ ಪ್ರೀತಿಗೆ ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ. ಸರಿಯಾಗಿ ಆ ಹೊತ್ತಿಗೇ ಅವಳ ಈಜಿನ ಟೋಪಿ ಹರಿಯಿತು. ಬೇರೊಂದು ಸಿಕ್ಕಿಸಿಕೊಂಡು ಓಡಿಬಂದವಳು ನೀರು ಮುಟ್ಟದೆ ಕಟ್ಟೆ ಹತ್ತಿಬಿಟ್ಟಳು. ಹತ್ತಿದ ಮೇಲೆ ನೆನಪಾಗಿ ಬೆರಳು ಮಿಸುಕತೊಡಗಿದವು.

ದಂಡೆಯಲ್ಲಿದ್ದ ಚೂಡಾಮಣಿ ಆ ಬೆರಳು ನೋಡಿದರು. ಅವು ಏನು ಮಾಡಹೊರಟಿವೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೂಗುವಂತಿಲ್ಲ. ಪ್ರೀತಿಗೆ ಕಾಣುವಂತೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹುಡುಗಿಯ ಕೈ ನಿಂತಿತು. ಸೀಟಿ ಕೇಳಿದ ಮೇಲೇ ಜಿಗಿದಳು. ಎರಡನೆಯವಳಾಗಿ ಗೋಡೆ ಮುಟ್ಟಿದಳು.

"ಅಕ್ಕ, ನನ್ ನಮಸ್ಕಾರಾನೂ ನೀವೇ ಮಾಡ್ಬುಟ್ರಾ?" ಮೇಲೆ ಬಂದವಳು ಏದುಸಿರು ಬಿಡುತ್ತ ಕೇಳಿದಳು.

"ಹೂಂ ಕಣೇ. ಮೇಷ್ಟ್ರಿಗೆ ಮಾತ್ರ ನಿನ್ದು ನೀನೇ ಮಾಡು, ನಡಿ."

ಮೆಟ್ಟಿಲ ಮೇಲೆ ಕೃಷ್ಣಸ್ವಾಮಿ ಕೂತಿದ್ದರು, ಪಕ್ಕದಲ್ಲಿ ಊರುಗೋಲು. ನೀರು ಸುರಿಸುತ್ತಲೇ ಪ್ರೀತಿ ಕಾಲಿಗೆ ಬಿದ್ದಳು. ಹಿಂದೆಯೇ ಚೂಡಾಮಣಿ.

"ಏಳ್ರಮ್ಮ ಏಳಿ, ಪಂಚೆಯೆಲ್ಲ ಒದ್ದೆ ಮಾಡಿಬಿಟ್ರಲ್ಲ!" ಎಂದು ಗದರಿದ ಮೇಷ್ಟ್ರು, ಪಂಚೆಯ ಒದ್ದೆ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.