ನಂಬರು ಕಾಣದ ಅಂಗಿ

ನಾರ್ವಲ್ ಹೆಗ್‌ಸ್ಟಾಡ್ ನನ್ನ ಅಕ್ಕ ಜೋನಳ ಗಂಡ. ವಾರವೆಲ್ಲ ಬಿತ್ತನೆ ಬೀಜ, ಗೊಬ್ಬರ ಮಾರುತ್ತಾನೆ. ಶನಿವಾರ ಬಂತೆಂದರೆ ಬೆಲ್‌ಫೋರ್ಡ್ ಕಾಲೇಜಿನ ಫುಟ್‌ಬಾಲ್ ಪಂದ್ಯದ ವಿವರಣೆಯನ್ನು ನಮ್ಮೂರಿನ ರೇಡಿಯೋದಲ್ಲಿ ಹೇಳುತ್ತಾನೆ. ಕಾಲಲ್ಲಿ ಒದೆಯುವ ಆಟವಲ್ಲ, ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು ಓಡುವ ನಮ್ಮ ದೇಶದ ಫುಟ್‌ಬಾಲ್. ಅವನಂಥ ಹಟಮಾರಿಯನ್ನು ನಾನು ಹುಟ್ಟಿದ ಮೇಲೆ ಇನ್ನೊಬ್ಬನನ್ನು ನೋಡಿಲ್ಲ. ಜೋನ್ ಇರುವವರೆಗೆ ಅವಳೇ ಅವನ ಪಕ್ಕದಲ್ಲಿ ದುರ್ಬೀನು ಹಿಡಿದು ಕೂರುತ್ತಿದ್ದಳು. ಚೆಂಡು ಯಾರು ಹಿಡಿದರು, ಯಾರು ಯಾರನ್ನು ಕೆಡವಿದರು ಎಂದು ನಂಬರು ನೋಡಿ, ಕಾಗದದ ಮೇಲಿನ ಹೆಸರಿಗೆ ಬೆರಳಿಟ್ಟು ತೋರಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ದುರ್ಬೀನು ನನ್ನ ಕೈಗೆ ಬಂತು.

"ಮಾರ್ಲಾ, ನೀನು ಬಾ. ಆದ್ರೆ ಬೆರಳು ಮಾತ್ರ ಆಡಿಸ್ಬೇಕು, ಬಾಯಲ್ಲ," ಎಂದ.

ಊರಿನ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ನಡೆಸುವವಳಿಗೆ ಬಾಯಿ ಮುಚ್ಚಿಕೊಂಡಿರು ಎನ್ನುವುದು ಸಣ್ಣ ಶಿಕ್ಷೆಯಲ್ಲ. ಆದರೂ ಅಕ್ಕನ ಮುಖ ನೆನೆದು ಒಪ್ಪಿಕೊಂಡೆ.

ನಮ್ಮ ಕಾಲೇಜಿನ ಬಣ್ಣ ಕಂದು ಮತ್ತು ಹಳದಿ. ಬಲು ಚೆಂದದ ಬಣ್ಣ ಎಂದು ನಾನು ಸುಳ್ಳು ಹೇಳುವುದಿಲ್ಲ. ನದಿಯ ನೆರೆ ಇಳಿದ ಮೇಲೆ ಉಳಿಯುವ ಕೆಸರಿನ ಕಂದು, ಮುಸುಕಿನ ಜೋಳದ ಹಳದಿ. ಆಚೆ ದಡದ ವೆಸ್ಟರ್ಲಿ ಕಾಲೇಜಿನವರು ನಮ್ಮನ್ನು ಕೆಸರಿನ ಮಕ್ಕಳು ಎಂದು ಆಡಿಕೊಳ್ಳುತ್ತಾರೆ. ನಾವು ಅದನ್ನೇ ದೊಡ್ಡಕ್ಷರದಲ್ಲಿ ಬರೆದು ಅವರ ಮೂಗಿನ ಕೆಳಗೆ ಹಿಡಿಯುತ್ತೇವೆ. ಇಲ್ಲಿ ಮದುವೆಯ ಕೇಕಿಗೂ ಅದೇ ಬಣ್ಣ, ಶವಪೆಟ್ಟಿಗೆಯ ಮೇಲಿನ ಹೂವಿಗೂ ಅದೇ ರಿಬ್ಬನ್. ಒಬ್ಬ ಮೇಯರ್ ನೀರಿನ ಟ್ಯಾಂಕಿಗೆ ತಿಳಿನೀಲಿ ಬಳಿಸಿ ಮುಂದಿನ ಚುನಾವಣೆಯಲ್ಲಿ ಮನೆಗೆ ಹೋದ. ಅಂಗಿಯ ಗುಣ ಮಾತ್ರ ಯಾರೂ ಅಲ್ಲಗಳೆಯುವಂತಿರಲಿಲ್ಲ: ಕಂದಿನ ಮೇಲೆ ಮೊರದಗಲದ ಹಳದಿ ನಂಬರು. ಹೆಲ್ಮೆಟ್ಟಿನೊಳಗೆ ಮುಖ ಕಾಣದಿದ್ದರೇನು, ಕ್ರೀಡಾಂಗಣದ ಮೇಲಿನ ನಮ್ಮ ರೇಡಿಯೋ ಗೂಡಿನಿಂದ ಕನ್ನಡಕವಿಲ್ಲದೆಯೂ ಆ ನಂಬರು ಓದಬಹುದಿತ್ತು.

ಆಮೇಲೆ ಬೂಟಿನ ಕಂಪನಿಯವರು ಬಂದರು. ಬೂಟು, ಹೆಲ್ಮೆಟ್, ಚೀಲ, ಚಳಿಗಾಲದ ಕೋಟು ಎಲ್ಲವೂ ಬಿಟ್ಟಿ. ಬದಲಿಗೆ ತವರಿನಲ್ಲಿ ಆಡುವ ಪಂದ್ಯಗಳಿಗೆ ಅವರು ಹೊಲಿಸಿದ ಅಂಗಿಯನ್ನೇ ತೊಡಬೇಕು. ಕ್ರೀಡಾ ವಿಭಾಗದ ಮುಖ್ಯಸ್ಥ ಟ್ರೆಂಟ್ ಬ್ಯಾರೋ ಎಂಬಾತ ಹಿಗ್ಗಿ ಹೀರೇಕಾಯಿಯಾಗಿ ಸಹಿ ಹಾಕಿದ. ಅಂಗಿ ಬಂತು: ಅಡಿಯಿಂದ ಮುಡಿಯವರೆಗೆ ಕಪ್ಪು, ಅದರ ಮೇಲೆ ಬೂದಿಗಪ್ಪಿನ ನಂಬರು. ಫೋನಿನಲ್ಲಿ ಫೋಟೋ ನೋಡಿದರೆ ಕಣ್ಣು ಕೋರೈಸುವಂತಿತ್ತು. ಹುಡುಗರು ಕುಣಿದಾಡಿದರು. ಅವರನ್ನು ಬೈದು ಏನು ಪ್ರಯೋಜನ, ಆ ವಯಸ್ಸಿನಲ್ಲಿ ನಾನೂ ಕುಣಿಯುತ್ತಿದ್ದೆ. ನನ್ನ ಅಂಗಡಿಗೆ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದ ಮುದುಕಿಯರು ಮಾತ್ರ ಕಂಪನಿಯ ಏಳು ತಲೆಮಾರನ್ನು ಜಾಲಾಡಿದರು. "ತಲೆ ಕಪ್ಪಗಾದ್ರೆ ಸಾಕು, ಊರು ಯಾಕೆ ಕಪ್ಪಗಾಗ್ಬೇಕು," ಎಂದಳೊಬ್ಬಳು, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡೇ.

ನಾರ್ವಲ್ ಬಣ್ಣದ ಬಗ್ಗೆ ಹೆಚ್ಚು ಮಾತಾಡಲಿಲ್ಲ. "ಬೇಕಾದ್ರೆ ಗುಲಾಬಿ ಬಣ್ಣ ಹಾಕ್ಲಿ. ನಂಬರ್ ಕಾಣುತ್ತಾ?" ಎಂದಷ್ಟೇ ಕೇಳಿದ.

ಕಾಣಲಿಲ್ಲ. ಮೊದಲ ಪಂದ್ಯದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಕಪ್ಪು ಬಟ್ಟೆ ಎಣ್ಣೆ ಸವರಿದಂತೆ ಮಿರುಗಿ, ನಂಬರೆಲ್ಲ ಅದರೊಳಗೆ ಕರಗಿಹೋಯಿತು. ಮೂರನೆಯ ಪಾಳಿಯಲ್ಲಿ ನಮ್ಮ ಹುಡುಗನೊಬ್ಬ ಎದುರಾಳಿ ಎಸೆದ ಚೆಂಡನ್ನು ನಡುವೆ ಹಾರಿ ಕಸಿದುಕೊಂಡ. ಮೈದಾನದ ಉದ್ದಕ್ಕೂ ಓಡಿ ಕೊನೆಯ ಗೆರೆ ದಾಟಿದ. ಟಚ್‌ಡೌನ್! ಜನ ಎದ್ದು ಕೂಗುತ್ತಿದ್ದಾರೆ, ನನ್ನ ದುರ್ಬೀನಿಗೆ ಬರೀ ಕಪ್ಪು. ನನ್ನ ಬೆರಳು ಯಾವ ಹೆಸರಿನ ಮೇಲೂ ಕೂರಲಿಲ್ಲ. ರೇಡಿಯೋದಲ್ಲಿ ಸುಮ್ಮನಿರುವಂತಿಲ್ಲವಲ್ಲ, ಆ ಜಾಗದಲ್ಲಿ ಆಡುವವನು ಫ್ರೀಟ್ಜ್ ಎಂದುಕೊಂಡು ನಾರ್ವಲ್ ಗಂಟಲು ಬಿರಿಯುವಂತೆ ಆ ಹೆಸರನ್ನೇ ಕೂಗಿದ. ಆದರೆ ಓಡಿದವನು ವೆಂಡೆಲ್ ಕೂಬಿಚೆಕ್. ಕಾಲೇಜಿನ ಕೊನೆಯ ವರ್ಷ, ಜೀವಮಾನದ ಮೊದಲ ಟಚ್‌ಡೌನ್. ಗೊತ್ತಾದ ತಕ್ಷಣ ನಾರ್ವಲ್ ತಿದ್ದಿ ಹೇಳಿದ, ಕ್ಷಮೆಯನ್ನೂ ಕೇಳಿದ.

ಆ ತಿದ್ದುಪಡಿ ಕೇಳಬೇಕಾದವನಿಗೆ ಕೇಳಿಸಲಿಲ್ಲ. ವೆಂಡೆಲನ ಅಪ್ಪ ಲೈಲ್, ನದಿಯಲ್ಲಿ ಸರಕಿನ ದೋಣಿಗಳನ್ನು ತಳ್ಳಿಕೊಂಡು ಹೋಗುವ ಹಡಗಿನಲ್ಲಿ ಅಡುಗೆಯವನು. ಆಟದ ಋತುವಿನ ಶನಿವಾರಗಳೆಲ್ಲ ನೀರಿನ ಮೇಲೆ, ನಡುನಡುವೆ ವಾರದ ಮಧ್ಯೆ ಒಂದೆರಡು ದಿನ ಮನೆಯಲ್ಲಿ. ಆವತ್ತು ಹಡಗು ಗುಡ್ಡದ ತಿರುವಿಗೆ ಹೋಗುತ್ತಿದ್ದಂತೆ ರೇಡಿಯೋ ಗೊರಗುಟ್ಟಿ ನಿಂತುಹೋಯಿತಂತೆ. ಸರದಿ ಮುಗಿಸಿ ದಡಕ್ಕೆ ಬಂದವನು ಸೀದಾ ನಾರ್ವಲನ ಅಂಗಡಿಗೆ ಬಂದ. ನಾನೂ ಅಲ್ಲೇ ಇದ್ದೆ. ಜಗಳಕ್ಕೇ ಬಂದಿದ್ದಾನೆ ಎಂದುಕೊಂಡು ಸೊಂಟಕ್ಕೆ ಕೈಯಿಟ್ಟು ನಿಂತೆ.

"ನಾರ್ವಲ್, ನಾನು ಆವತ್ತು ಕೇಳ್ತಿದ್ದೆ," ಎಂದ ಲೈಲ್.

"ಗೊತ್ತು. ತಪ್ಪಾಯ್ತು ಲೈಲ್."

"ಫ್ರೀಟ್ಜ್ ಹುಡುಗ ಅಂದೆಯಲ್ಲ. ಆ ಫ್ರೀಟ್ಜ್ ಹುಡುಗನಿಗೇ ಚಪ್ಪಾಳೆ ಹೊಡ್ದೆ ನಾನು. ಒಳ್ಳೆ ಓಟ, ಯಾರ ಮಗನೋ ಏನೋ ಅಂದೆ." ಕಪಾಟಿನಿಂದ ಹುಳದ ಔಷಧಿಯ ಡಬ್ಬಿಯೊಂದನ್ನು ಎತ್ತಿಕೊಂಡ. "ನಂದೇ ಮಗ ಅಂತ ಗೊತ್ತಾಗ್ಲಿಲ್ಲ."

ಅಷ್ಟು ಹೇಳಿ, ಡಬ್ಬಿಗೆ ದುಡ್ಡು ಕೊಟ್ಟು ಹೊರಟುಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾರ್ವಲ್ ಕ್ಯಾಪ್ ತೆಗೆದು ಮೇಜಿನ ಮೇಲಿಟ್ಟು, "ಇನ್ನೊಂದು ಸಲ ತಪ್ಪು ಹೆಸರು ನನ್ನ ಬಾಯಿಂದ ಬಂದ್ರೆ, ಮೈಕ್ ಕೆಳಗಿಟ್ಟು ಮನೆಗೆ ಹೋಗ್ತೀನಿ ಮಾರ್ಲಾ. ಮತ್ತೆ ಹತ್ತಲ್ಲ ಆ ಮೆಟ್ಲು," ಎಂದ.

ಅವನು ಬಾಯಿಮಾತಿಗೆ ಹೇಳುವ ಜಾತಿಯಲ್ಲ. ಮರುದಿನವೇ ನನ್ನನ್ನೂ ಎಳೆದುಕೊಂಡು ಟ್ರೆಂಟ್ ಬ್ಯಾರೋ ಕಚೇರಿಗೆ ಹೋದ. ಟ್ರೆಂಟ್ ಕಾಫಿ ಕೊಟ್ಟ, ನಗುಮುಖದಿಂದಲೇ ಕೂರಿಸಿದ. ಗೋಡೆಯ ತುಂಬ ಕಪ್ಪು ಅಂಗಿಯ ಹುಡುಗರ ಫೋಟೋಗಳು.

"ನಂಬರು ಹಳದಿ ಮಾಡ್ಸಿ, ಸಾಕು. ಅಂಗಿ ಕಪ್ಪಗೇ ಇರ್ಲಿ," ಎಂದ ನಾರ್ವಲ್.

"ವಿನ್ಯಾಸ ಅವರದು ನಾರ್ವಲ್, ನಾವು ಕೈಹಾಕೋ ಹಾಗಿಲ್ಲ. ಈ ಅಂಗಿ ನೋಡಿ ಎಷ್ಟು ಒಳ್ಳೆ ಆಟಗಾರರು ನಮ್ ಕಡೆ ತಿರುಗಿದ್ದಾರೆ ಗೊತ್ತಾ? ಎಳೆಯರಿಗೆ ಕೆಸರಿನ ಬಣ್ಣ ಬೇಡ."

"ಎಳೆಯರ ಅಪ್ಪಂದಿರಿಗೆ ಮಗ ಯಾರು ಅಂತ ತಿಳೀಬೇಡ್ವಾ?"

"ಒಂದು ಹೆಸರು ತಪ್ಪಿತು, ಆಯ್ತು. ಅಂಕ ಏನೂ ತಪ್ಪಿಲ್ವಲ್ಲ."

ನನಗೆ ತಡೆಯಲಾಗಲಿಲ್ಲ. "ನಾಳೆಯಿಂದ ನಿನ್ನನ್ನ ಊರೆಲ್ಲ ಡಗ್ ಅಂತ ಕರೀತೀವಿ ಟ್ರೆಂಟ್. ಸಂಬಳ ಏನೂ ತಪ್ಪಲ್ವಲ್ಲ," ಎಂದೆ. ಅವನ ನಗು ಮುಖದ ಮೇಲೆಯೇ ಒಣಗಿತು. ಇನ್ನು ಮೇಲೆ ರೇಡಿಯೋದಲ್ಲಿ ಅಂಗಿಯ ಸುದ್ದಿ ಎತ್ತಬಾರದು, ಎತ್ತಿದರೆ ಬೇರೆ ದನಿ ಹುಡುಕಬೇಕಾಗುತ್ತದೆ ಎಂದು ನಯವಾಗಿಯೇ ಹೇಳಿ ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಬೇರೆ ಯಾರಾದರೂ ಆಗಿದ್ದರೆ ಕೈತೊಳೆದುಕೊಳ್ಳುತ್ತಿದ್ದರು. ಇವನು ಕಾರಿನಲ್ಲಿ ಕೂತು, "ಸರಿ, ನಂಬರ್ ಬೇಡ. ನಡಿಗೆ ಕಲೀತೀನಿ," ಎಂದ. ನನಗೆ ಅರ್ಥವಾಗಲಿಲ್ಲ. "ದನ ಕಾಯೋನು ದನದ ಬೆನ್ನ ಮೇಲೆ ನಂಬರ್ ಬರೀತಾನಾ? ದೂರದಿಂದ್ಲೇ ಯಾವುದು ಯಾವುದು ಅಂತ ಗುರುತು ಹಿಡೀತಾನೆ. ಹುಡುಗರೂ ಹಾಗೇ."

ಆವತ್ತಿನಿಂದ ಸಂಜೆ ಅಂಗಡಿ ಮುಚ್ಚಿದವನೇ ಅಭ್ಯಾಸದ ಮೈದಾನಕ್ಕೆ ಹೋಗಿ ಮಡಿಸುವ ಕುರ್ಚಿ ಹಾಕಿಕೊಂಡು ಕೂರತೊಡಗಿದ. ಅಲ್ಲಿ ಹುಡುಗರು ಹಳೆಯ ಕಂದು ಅಂಗಿಗಳನ್ನೇ ತೊಡುತ್ತಿದ್ದರು. ಕಂಪನಿಯವರಿಗೆ ಅಭ್ಯಾಸದ ಫೋಟೋ ಬೇಕಿರಲಿಲ್ಲ. ನಾರ್ವಲ್ ಮೊದಲು ಕನ್ನಡಕ ಹಾಕಿಕೊಂಡು ನಂಬರು ನೋಡುತ್ತ ಹುಡುಗನ ಓಟ ನೋಡುತ್ತಿದ್ದ. ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕುತ್ತಿದ್ದ. ಎಲ್ಲವೂ ಮಂಜಾದ ಮೇಲೆ ಒಬ್ಬೊಬ್ಬನನ್ನೇ ಹೆಸರು ಹಿಡಿದು ಹೇಳುತ್ತಿದ್ದ, ನಾನು ದುರ್ಬೀನಿನಲ್ಲಿ ತಾಳೆ ನೋಡುತ್ತಿದ್ದೆ.

"ತಪ್ಪು. ಅದು ಫ್ರೀಟ್ಜ್."

"ಫ್ರೀಟ್ಜ್ ಹೆಜ್ಜೆ ಗಿಡ್ಡ ಕಣೇ."

"ಗಿಡ್ಡಾನೋ ಉದ್ದಾನೋ, ಬೆನ್ನ ಮೇಲೆ ಬರೆದಿದೆ. ಜಂಬ ಬಿಡು, ಇನ್ನೊಂದ್ಸಲ ನೋಡು."

ಮೊದಮೊದಲು ಅರ್ಧಕ್ಕರ್ಧ ತಪ್ಪು. ಊರಿನವರಿಗೆ ತಮಾಷೆ. ಬಿತ್ತನೆ ಬೀಜದ ನಾರ್ವಲನಿಗೆ ಹೆಂಡತಿ ಹೋದ ಮೇಲೆ ತಲೆ ಸರಿಯಿಲ್ಲ ಎಂದು ನನ್ನ ಅಂಗಡಿಯಲ್ಲೇ ಒಬ್ಬಳು ಹೇಳಿದಳು. ಅವಳ ಮುಂಗೂದಲನ್ನು ಆವತ್ತು ಬೇಕೆಂದೇ ಗಿಡ್ಡ ಮಾಡಿ ಕಳಿಸಿದೆ. ಅಕ್ಟೋಬರಿನ ಚಳಿ ಬಂತು, ಅವನು ಕಂಬಳಿ ಹೊದ್ದು ಕೂತ. ಮಳೆ ಬಂತು, ಕೊಡೆ ಹಿಡಿದು ಕೂತ. ಹುಡುಗರೇ ಕರುಣೆಯಿಂದ ಹತ್ತಿರ ಬಂದು ತಮ್ಮ ತಮ್ಮ ಗುರುತು ಹೇಳಿಹೋಗತೊಡಗಿದರು: ಒಬ್ಬ ಓಡುವ ಮುಂಚೆ ಎರಡು ಸಲ ಭುಜ ಕುಣಿಸುತ್ತಾನೆ, ಒಬ್ಬನ ಪಾದ ಒಳಕ್ಕೆ ತಿರುಗಿದೆ. ವೆಂಡೆಲ್ ಕೂಬಿಚೆಕ್ ತಾನಾಗಿ ಏನೂ ಹೇಳಲಿಲ್ಲ, ಅಪ್ಪನಂತೆಯೇ ಮಾತು ಕಡಿಮೆ. ಎಡಗೈಯಲ್ಲಿ ತುಂಬಿದ ಬಕೆಟ್ ಹಿಡಿದವನಂತೆ ಒಂದು ಕಡೆ ವಾಲಿ ಓಡುತ್ತಿದ್ದ. ಅವನನ್ನು ನಾರ್ವಲ್ ಎಲ್ಲರಿಗಿಂತ ಮೊದಲು ಕಲಿತ.

ತವರಿನ ಮುಂದಿನ ಪಂದ್ಯಗಳಲ್ಲಿ ಒಂದು ಹೆಸರೂ ತಪ್ಪಲಿಲ್ಲ. ನನ್ನ ಬೆರಳಿಗೆ ಕೆಲಸವೇ ಇಲ್ಲದಂತಾಯಿತು. ಅಂಗಿಯ ಬಗ್ಗೆ ಅವನು ರೇಡಿಯೋದಲ್ಲಿ ತುಟಿ ಎರಡು ಮಾಡಲಿಲ್ಲ. ನಾವು ಎದುರು ಸಿಕ್ಕಾಗಲೆಲ್ಲ ಟ್ರೆಂಟ್, ನೋಡಿದಿರಾ, ನಂಬರಿಲ್ಲದೆಯೂ ನಡೆಯುತ್ತದೆ ಎನ್ನುವಂತೆ ಹೆಬ್ಬೆರಳು ತೋರಿಸುತ್ತಿದ್ದ. ಅವನ ಹೆಬ್ಬೆರಳು ಮುರಿಯಬೇಕೆನ್ನಿಸುತ್ತಿತ್ತು ನನಗೆ.

ಋತುವಿನ ಕೊನೆಯ ಪಂದ್ಯ ವೆಸ್ಟರ್ಲಿಯ ಮೇಲೆ, ನಮ್ಮ ಮೈದಾನದಲ್ಲಿ. ಊರಿಗೆ ಊರೇ ಬಂದಿತ್ತು. ಲೈಲ್ ಕೂಬಿಚೆಕ್ ಬಂದಿರಲಿಲ್ಲ. ಎಂದಿನಂತೆ ನೀರಿನ ಮೇಲಿದ್ದ. ಹಡಗು ನದಿಯ ಮೇಲಿನ ಅಣೆಕಟ್ಟೆಯ ಹತ್ತಿರ ನಿಂತಿದೆ, ಅಲ್ಲಿ ರೇಡಿಯೋ ಚೆನ್ನಾಗಿ ಸಿಗುತ್ತದೆ ಎಂದು ನಾರ್ವಲನಿಗೆ ಹೇಳಿ ಕಳಿಸಿದ್ದ. ಸಂಜೆ ಮಬ್ಬಾಗುತ್ತ ಬಂತು. ಕಪ್ಪು ಅಂಗಿಗಳು ನೆರಳುಗಳಾದವು. ನಾವು ನಾಲ್ಕು ಅಂಕ ಹಿಂದಿದ್ದೆವು. ಕಡೆಯ ಆಟ ಒಂದೇ ಬಾಕಿ: ಗೆರೆ ದಾಟಿದರೆ ಗೆಲುವು, ಇಲ್ಲದಿದ್ದರೆ ಸೋಲು.

ಚೆಂಡು ಮೇಲೆದ್ದಿತು. ಗೆರೆಯಾಚೆ ನಮ್ಮವನೊಬ್ಬ ಒಬ್ಬನೇ ನಿಂತಿದ್ದ, ಸುತ್ತ ಒಂದು ನರಪಿಳ್ಳೆಯಿಲ್ಲ. ಚೆಂಡು ಅವನ ಎರಡೂ ಅಂಗೈ ನಡುವೆ ಬಂದು ಬಿತ್ತು. ಜಾರಿತು. ಹಿಡಿಯಲು ಮುಗ್ಗರಿಸಿದ, ನೆಲಕ್ಕೆ ಬಿದ್ದ, ಚೆಂಡು ಉರುಳಿಹೋಯಿತು. ಆಟ ಮುಗಿಯಿತು.

ಅವನು ಅಲ್ಲಿಗೆ ಓಡಿ ಬಂದಿದ್ದ ರೀತಿ ನಾನೂ ನೋಡಿದ್ದೆ. ಬಕೆಟ್ ಹಿಡಿದವನ ಓಟ. ಮೇಲೆ ಕೂತ ಸಾವಿರಾರು ಜನರಿಗೆ ಅವನು ಬರೀ ಒಂದು ಕಪ್ಪು ಅಂಗಿ. ಹೇಳದಿದ್ದರೆ ಯಾರಿಗೂ ತಿಳಿಯದು, ಕಡೇಪಕ್ಷ ಈ ಗಳಿಗೆಯಲ್ಲಿ, ಹಡಗಿನ ಅಡುಗೆಮನೆಯಲ್ಲಿ ಜೊತೆಯವರ ಮುಂದೆ ಕೇಳುತ್ತ ಕೂತ ಲೈಲನಿಗಂತೂ ತಿಳಿಯದು. ನಾನು ಹೆಸರುಗಳ ಕಾಗದದ ಮೇಲೆ ಇಡೀ ಅಂಗೈ ಚಾಚಿ ಮುಚ್ಚಿದೆ. ಇನ್ನೊಂದು ಕೈಯಿಂದ ಮೈಕು ಮುಚ್ಚಿ, "ನಮ್ಮ ಹುಡುಗ ಅನ್ನು. ಅಷ್ಟು ಸಾಕು. ದಮ್ಮಯ್ಯ ನಾರ್ವಲ್," ಎಂದೆ.

ಅವನು ಕಾಗದದ ಕಡೆ ನೋಡಲೇ ಇಲ್ಲ. ಮೈಕಿನ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ.

"ಚೆಂಡು ಕೈಗೆ ಬಂದಿತ್ತು, ಹಿಡಿಯಲಾಗಲಿಲ್ಲ. ವೆಂಡೆಲ್ ಕೂಬಿಚೆಕ್. ಎಡಮಂಡಿ ಊರಿ ಬಿದ್ದಿದ್ದಾನೆ ವೆಂಡೆಲ್, ಇನ್ನೂ ಎದ್ದಿಲ್ಲ. ಫ್ರೀಟ್ಜ್ ಬಂದು ಕೈ ಕೊಡುತ್ತಿದ್ದಾನೆ. ಎದ್ದ. ಕುಂಟುತ್ತಿದ್ದಾನೆ, ಆದರೆ ಯಾರ ಹೆಗಲಿಗೂ ಆತುಕೊಂಡಿಲ್ಲ. ತಾನೇ ನಡೆದುಕೊಂಡು ಬರುತ್ತಿದ್ದಾನೆ ಕೂಬಿಚೆಕ್."

ಗೆದ್ದ ವೆಸ್ಟರ್ಲಿಯವರ ಹೆಸರುಗಳನ್ನೂ ಹೇಳಿ, ವಂದನೆ ಹೇಳಿ, ಮೈಕು ಆರಿಸಿದ. ನಾನು ಕಾದಿದ್ದೆ.

"ನಿನ್ನ ಎದೆಯೊಳಗೂ ಗೊಬ್ಬರವೇ ತುಂಬಿದೆಯಾ? ಅವರಪ್ಪ ಕೇಳ್ತಿದ್ದಾನೆ ಅಂತ ಗೊತ್ತಿತ್ತು ನಿನಗೆ."

"ಅದಕ್ಕೇ ಹೇಳ್ದೆ."

"ಹೇಳ್ದೆ ಇದ್ರೆ ಯಾರ ಗಂಟು ಹೋಗ್ತಿತ್ತು?"

"ಗೆದ್ದಾಗ ಹೆಸರು, ಸೋತಾಗ ಯಾರೋ ಒಬ್ಬ ಅನ್ನೋದಾದ್ರೆ, ಆ ಬೂಟಿನ ಕಂಪನಿಯೋರಿಗೂ ನನಗೂ ಏನು ವ್ಯತ್ಯಾಸ ಮಾರ್ಲಾ?" ಎಂದ. ಮೈಕಿನ ವೈರು ಸುತ್ತತೊಡಗಿದ. ನನಗೆ ಕೋಪ ಇಳಿಯಲಿಲ್ಲ. ಮುಖ ತಿರುಗಿಸಿಕೊಂಡು ದುರ್ಬೀನನ್ನು ಪೆಟ್ಟಿಗೆಗೆ ಹಾಕಿದೆ.

ಮೆಟ್ಟಿಲ ಮೇಲೆ ಯಾರೋ ಒಂದೊಂದೇ ಹೆಜ್ಜೆ ಎಳೆದುಕೊಂಡು ಬರುವ ಸದ್ದಾಯಿತು. ಬಾಗಿಲಲ್ಲಿ ವೆಂಡೆಲ್ ನಿಂತಿದ್ದ, ಕಪ್ಪು ಅಂಗಿಯಲ್ಲೇ, ಕೈಯಲ್ಲಿ ಫೋನು. ಕಣ್ಣುಗಳು ಕೆಂಪಾಗಿದ್ದವು. ಬಂತು ಜಗಳ ಎಂದು ನಾನು ಅವನಿಗೂ ನಾರ್ವಲನಿಗೂ ನಡುವೆ ಹೋಗಿ ನಿಂತೆ.

"ಅಪ್ಪ ಫೋನ್ ಮಾಡಿದ್ರು ಸಾರ್," ಎಂದ, ನನ್ನ ತಲೆಯ ಮೇಲಿಂದ ನಾರ್ವಲನನ್ನು ನೋಡುತ್ತ.

"ಏನಂದ?"

"ಎಡಮಂಡಿ ಹೇಗಿದೆ ಅಂತ ಕೇಳಿದ್ರು."

"ಮತ್ತೇನಂದ?"

"ಬೇರೆ ಏನೂ ಇಲ್ಲ. ಐಸ್ ಇಟ್ಕೋ, ಮೆಟ್ಲು ಹತ್ಬೇಡ ಅಂದ್ರು." ಹುಡುಗ ಬಾಗಿಲ ಚೌಕಟ್ಟಿಗೆ ಆತುಕೊಂಡ. "ನಾಲ್ಕು ವರ್ಷದಲ್ಲಿ ಒಂದು ಪಂದ್ಯಕ್ಕೂ ಬರೋಕಾಗಿಲ್ಲ ಸಾರ್ ಅವ್ರಿಗೆ. ಇವತ್ತು ಗೆರೆ ಹತ್ರಾನೇ ನಿಂತು ನೋಡಿದೋರ ಥರ ಕೇಳಿದ್ರು."

ನಾರ್ವಲ್ ತನ್ನ ಕುರ್ಚಿಯನ್ನು ಎಳೆದು ಅವನನ್ನು ಕೂರಿಸಿ, ಕಾಲನ್ನು ಮೇಜಿನ ಮೇಲೆ ಎತ್ತಿಟ್ಟ. ನಾನು ಐಸ್ ತರಲು ಕೆಳಗಿಳಿದೆ.